ವ್ರತವೂ ಜಾಹೀರಾತೂ

ತ್ಯಾಗವೆಂಬುದು ಅರಿತು ಮಾಡತಕ್ಕದ್ದು. ಏನನ್ನು ಬಿಡುತ್ತೇನೆ, ಏತಕ್ಕಾಗಿ ಬಿಡುತ್ತೇನೆ ಎಂಬ ತಿಳಿವಿಲ್ಲದೆ ಬಿಟ್ಟದ್ದು ವ್ರತವೆನಿಸದು. ಅದು ಬರಿಯ ಅಭಾವ. ಈ ಮಾತನ್ನು ತಿರುಗಿಸಿ ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ತನ್ನಲ್ಲಿ ಬಯಕೆಯನ್ನು ಹುಟ್ಟಿಸುತ್ತಿರುವವರು ಯಾರೆಂದು ತಿಳಿಯಲಾರದ ಮಗುವಿನಲ್ಲಿ ಲಾಭಕ್ಕಾಗಿ ಬಯಕೆಯನ್ನು ಬಿತ್ತುವುದು ಎಂಥ ಕಾರ್ಯ?

ಬಸವನಗುಡಿಯಲ್ಲಿ ಅನಸ್ತಮಿತ ನಿಯಮವನ್ನು ಪಾಲಿಸುವ ಶ್ರಾವಕರ ಮನೆಯೊಂದನ್ನು ನೆನೆಯೋಣ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿದು ಅಡುಗೆಮನೆಯ ದೀಪ ಆರಿದೆ. ರಾತ್ರಿ ಎಂಟಕ್ಕೆ ಮನೆಮಂದಿಯೆಲ್ಲ ಧಾರಾವಾಹಿಗೋ ಕ್ರಿಕೆಟ್ಟಿಗೋ ಕುಳಿತಾಗ ಆರು ವರ್ಷದ ಮೊಮ್ಮಗನೂ ಅಜ್ಜಿಯ ಪಕ್ಕದಲ್ಲಿರುತ್ತಾನೆ. ಕಂದಮೂಲವೆಂದು ಆಲೂಗಡ್ಡೆಯನ್ನು ಹೊಸ್ತಿಲೊಳಗೆ ತಾರದ ಆ ಮನೆಯ ಬಾಲಕನಿಗೆ ಆಲೂಗಡ್ಡೆಯ ಚಿಪ್ಸಿನ ಹೆಸರು, ಪೊಟ್ಟಣದ ಬಣ್ಣ, ಅದರ ಹಾಡು ಎಲ್ಲವೂ ಬಾಯಿಪಾಠ. ಮರುದಿನ ಗಾಂಧಿಬಜಾರಿನ ಅಂಗಡಿಯ ಮುಂದೆ ಅವನು ಕೈಚಾಚುತ್ತಾನೆ, ತಾಯಿ ಬೇಡವೆನ್ನುತ್ತಾಳೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದೆಯಲ್ಲ ಎಂದು ಅಂಗಡಿಯವನು ಸಮಾಧಾನ ಹೇಳಿಯಾನು. ಆ ಚುಕ್ಕೆ ಕಂದಮೂಲದ ವಿಷಯವನ್ನಾಗಲಿ, ಉಪ್ಪು, ಸಕ್ಕರೆ, ಕೊಬ್ಬಿನ ವಿಷಯವನ್ನಾಗಲಿ ಹೇಳುವುದಿಲ್ಲ. ಕೊನೆಗೆ ಹಟಮಾರಿಯೆಂಬ ಹೆಸರು ಮಗುವಿಗೆ ಬರುತ್ತದೆ. ಹಟವನ್ನು ಕಲಿಸಿದವರಿಗೆ ಯಾವ ಹೆಸರೂ ಬರುವುದಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಎಣಿಸುವ ಐದು ಅನರ್ಥದಂಡಗಳಲ್ಲಿ ಪಾಪೋಪದೇಶವೂ ದುಃಶ್ರುತಿಯೂ ಇವೆ. ಒಂದು ಹೇಳುವವನ ದೋಷ, ಇನ್ನೊಂದು ಕೇಳುವವನ ದೋಷ. ಆದರೆ ಕೇಳುವುದನ್ನು ಆಯ್ದುಕೊಳ್ಳುವ ಶಕ್ತಿಯಿದ್ದವನಿಗೆ ಮಾತ್ರ ಕೇಳಿದ ದೋಷ ತಗಲೀತು. ಎಂಟು ವರ್ಷಕ್ಕಿಂತ ಕಿರಿಯ ಮಕ್ಕಳು ಜಾಹೀರಾತಿನ ಹಿಂದಿರುವ ಮಾರಾಟದ ಉದ್ದೇಶವನ್ನು ಗ್ರಹಿಸಲಾರರೆಂದು ಅಮೆರಿಕದ ಮನೋವಿಜ್ಞಾನ ಸಂಘದ ಸಮಿತಿಯೊಂದು 2004ರಲ್ಲಿ ಅಭಿಪ್ರಾಯಪಟ್ಟಿತು. ಹಾಗಾದರೆ ಇಲ್ಲಿ ಭಾರವೆಲ್ಲ ಹೇಳುವವನ ಮೇಲೆ ಬೀಳುತ್ತದೆ. ಒಂದು ಪಾಲು ಸುಮ್ಮನೆ ಕುಳಿತು ಅನುಮೋದಿಸುವ ಹಿರಿಯರ ಮೇಲೆ.

ತಿನ್ನುವುದೂ ಬಿಡುವುದೂ ಮನೆಯ ವಿಷಯ, ಸರ್ಕಾರಕ್ಕೇನು ಕೆಲಸ ಎಂಬ ಆಕ್ಷೇಪವುಂಟು. ಕಾನೂನಿನ ಬಲದಿಂದ ಬಿಟ್ಟದ್ದು ವ್ರತವಾಗದೆಂಬುದು ನಿಜವೇ. ಆದರೆ ಇಲ್ಲಿ ಕಾನೂನು ಕಟ್ಟುವುದು ಮಗುವಿನ ನಾಲಗೆಯನ್ನಲ್ಲ, ವ್ಯಾಪಾರಿಯ ನಾಲಗೆಯನ್ನು. ಚಿಪ್ಸು ಕಂದಮೂಲವಾದುದರಿಂದ ಜಾಹೀರಾತು ಕೂಡದೆಂದು ಶ್ರಾವಕನು ಸರ್ಕಾರವನ್ನು ಕೇಳುವುದು ಸರಿಯಲ್ಲ. ಅದು ಅವನ ಮನೆಯ ನಿಯಮ, ಅದನ್ನು ಕಾಯತಕ್ಕವನು ಅವನೇ. ಉಪ್ಪು, ಸಕ್ಕರೆ, ಕೊಬ್ಬುಗಳ ಅತಿರೇಕ ಹಾಗಲ್ಲ. ಅದು ಯಾವ ಮತದ ಮಗುವನ್ನೂ ಬಿಡುವುದಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಇಂಥ ತಿನಿಸುಗಳ ಮಾರಾಟವನ್ನೂ ಜಾಹೀರಾತನ್ನೂ ಶಾಲೆಯೊಳಗೂ ಅದರ ಬಾಗಿಲಿನಿಂದ 50 ಮೀಟರುಗಳ ಒಳಗೂ ನಿಷೇಧಿಸಿದುವು. ಶಾಲೆ, ಅಂಗಡಿ, ಮನೆಗಳು ಒತ್ತೊತ್ತಾಗಿರುವ ಚಾಮರಾಜಪೇಟೆಯಂಥ ಬಡಾವಣೆಯಲ್ಲಿ ಅದು ಸಣ್ಣ ಅಳತೆಯೇನಲ್ಲ. ದೂರದರ್ಶನಕ್ಕೆ ಸಂಬಂಧಿಸಿದಂತೆ 2022ರ ಜೂನ್ 9ರ ಕೇಂದ್ರ ಮಾರ್ಗಸೂಚಿಯು ಚಿಪ್ಸು, ಅನಿಲಭರಿತ ಪಾನೀಯ ಮುಂತಾದವುಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳಲ್ಲಿಯೂ ಮಕ್ಕಳಿಗೆಂದೇ ಇರುವ ವಾಹಿನಿಗಳಲ್ಲಿಯೂ ತಡೆಯಿತು. ಅಜ್ಜಿಯ ಧಾರಾವಾಹಿ ಮಕ್ಕಳ ಕಾರ್ಯಕ್ರಮವಲ್ಲ, ಕ್ರಿಕೆಟ್ಟೂ ಅಲ್ಲ. ಬೇಲಿಯನ್ನು ಕಾರ್ಯಕ್ರಮದ ಸುತ್ತ ಹಾಕಲಾಗಿದೆ. ಮಗು ಅದರ ಹೊರಗೆ ಕುಳಿತಿದೆ.

ಬ್ರಿಟನ್ನಿನಲ್ಲಿಯೂ 2007ರಲ್ಲಿ ಆರಂಭವಾದದ್ದು ಮಕ್ಕಳ ಕಾರ್ಯಕ್ರಮಗಳ ನಿಷೇಧದಿಂದಲೇ. ಅದು ಸಾಲದೆಂದು ಕಂಡ ಮೇಲೆ 2026ರ ಜನವರಿ 5ರಿಂದ ಬೆಳಿಗ್ಗೆ 5-30ರಿಂದ ರಾತ್ರಿ 9ರವರೆಗೆ ಯಾವ ಕಾರ್ಯಕ್ರಮದ ನಡುವೆಯೂ ಅನಾರೋಗ್ಯಕರ ತಿನಿಸುಗಳ ಜಾಹೀರಾತು ದೂರದರ್ಶನದಲ್ಲಿ ಬರಕೂಡದೆಂದು ವಿಧಿಸಲಾಯಿತು. ಅದಕ್ಕೂ ಬಹಳ ಮೊದಲು, 1980ರಲ್ಲಿಯೇ, ಕೆನಡಾದ ಕ್ವಿಬೆಕ್ ಪ್ರಾಂತವು ಹದಿಮೂರು ತುಂಬದ ಮಕ್ಕಳನ್ನು ಗುರಿಯಾಗಿಸಿದ ವಾಣಿಜ್ಯ ಜಾಹೀರಾತನ್ನೇ ನಿಲ್ಲಿಸಿತು. ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಅದನ್ನು ಪ್ರಶ್ನಿಸಿದಾಗ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಆ ಕಾನೂನನ್ನು ಎತ್ತಿಹಿಡಿಯಿತು.

ನಮ್ಮ ಮಾರ್ಗಸೂಚಿಯ ಬೇಲಿ ಚಿಕ್ಕದಾದರೂ ಬೇಲಿಯೇ. ಮಕ್ಕಳ ವಾಹಿನಿಯಲ್ಲಿ ಅಂಥ ಜಾಹೀರಾತು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಯಾವ ಗೃಹಸ್ಥನೂ ದೂರು ಹೇಳಬಹುದು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿತ್ತಿದೆ. ಎಂಟು ಗಂಟೆಯ ಧಾರಾವಾಹಿಯ ಮಾತು ಬೇರೆ; ಅಲ್ಲಿ ಸದ್ಯಕ್ಕೆ ಇರುವುದು ಅಜ್ಜಿಯ ಕೈಯಲ್ಲಿನ ರಿಮೋಟು ಮಾತ್ರ.