ಪರರಾಷ್ಟ್ರನೀತಿಯೂ ಎರೆಹೊಲದ ಹತ್ತಿಯೂ

ರಾಜ್ಯವು ಪರರಾಷ್ಟ್ರಗಳೊಡನೆ ನಡೆದುಕೊಳ್ಳುವ ರೀತಿಯು ಒಂದೇ ವಿಚಾರದಿಂದ ಹೊರಟ ನೀತಿಯೋ, ಪರಸ್ಪರ ಸೆಣಸುವ ಹಿತಗಳ ಎಳೆದಾಟದ ಫಲವೋ ಎಂಬದು ಹಳೆಯ ಪ್ರಶ್ನೆ. ಮೈಸೂರಿನ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಷಾಡ್ಗುಣ್ಯವು ನಿರೂಪಿತವಾಗಿರುವದು. ಅಲ್ಲಿ ಮಂತ್ರಾಲೋಚನೆಯ ಬಳಿಕ ನಿರ್ಣಯಿಸುವವನು ರಾಜನೊಬ್ಬನೇ. ಪ್ರಜಾರಾಜ್ಯದಲ್ಲಾದರೋ ಗಿರಣಿಯವರೂ ವ್ಯಾಪಾರಸ್ಥರೂ ಒಕ್ಕಲಿಗರೂ ತಂತಮ್ಮ ಹಿತವನ್ನು ಮುಂದಿಟ್ಟು ಬಾಗಿಲಲ್ಲಿ ನಿಂತಿರುವರು.

ಕಲಘಟಗಿಯಲ್ಲಿ ಕುಳಿತವರಿಗೆ ಈ ದಿಲ್ಲಿಯ ಮಾತಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನವಲಗುಂದ, ಕುಂದಗೋಳಗಳ ಎರೆಹೊಲಗಳೇ ಇದಕ್ಕೆ ಉತ್ತರ ಹೇಳುವವು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ನಡೆದ ಅಂತಃಕಲಹವು ಧಾರವಾಡ ಸೀಮೆಯ ಹತ್ತಿಯ ಬೆಲೆಯನ್ನು ಮೇಲಕ್ಕೇರಿಸಿತು. ಕಲಹವು ಮುಗಿದ ಮೇಲೆ ಆ ಬೆಲೆಯು ಕುಸಿಯಿತು. ಅಂದು ನಾವು ಪರಾಧೀನರು, ಯಾರನ್ನು ಕೇಳಬೇಕಾಗಿತ್ತು? ಇಂದು ಕೇಳುವ ಅಧಿಕಾರವು ನಮಗುಂಟು.

2025ನೆಯ ಆಗಸ್ಟ 7ರಂದು ಪ್ರಧಾನಮಂತ್ರಿಗಳು ರೈತರ ಹಿತದಲ್ಲಿ ಎಂದೂ ರಾಜಿಯಿಲ್ಲವೆಂದು ದಿಲ್ಲಿಯಲ್ಲಿ ಸಾರಿದರು. ಅದೇ ತಿಂಗಳ 19ರಿಂದ ಪರದೇಶದ ಹತ್ತಿಯ ಮೇಲಿದ್ದ ಶೇಕಡಾ 11ರ ಆಮದು ಸುಂಕವನ್ನು ಸರಕಾರವು ತೆಗೆಯಿತು. ಮೊದಲು ಸಪ್ಟಂಬರದ ವರೆಗೆ ಇದ್ದ ಈ ರಿಯಾಯತಿಯು ಬಳಿಕ ಡಿಸೆಂಬರದ ಕೊನೆಯ ವರೆಗೂ ಬೆಳೆಯಿತು. ಆಗಸ್ಟ 27ರಿಂದ ಅಮೇರಿಕೆಯು ನಮ್ಮ ಸರಕಿನ ಮೇಲೆ ಶೇಕಡಾ 50ರ ಸುಂಕವನ್ನು ಹೇರಿತು. ಬಟ್ಟೆಯ ಗಿರಣಿಗಳಿಗೆ ಹತ್ತಿಯಾದರೂ ಅಗ್ಗವಾಗಿ ದೊರೆಯಲೆಂಬದು ಸರಕಾರದ ಪಕ್ಷದ ವಾದ. ಅದು ಹುರುಳಿಲ್ಲದ ವಾದವೆಂದು ನಾನು ಹೇಳಲಾರೆ. ಗಿರಣಿಯಲ್ಲಿ ದುಡಿಯುವವರೂ ನಮ್ಮವರ ಮಕ್ಕಳೇ.

ಹಿತಗಳು ಸೆಣಸುವದು ಪಾಪವಲ್ಲ. ಒಂದು ಮನೆಯಲ್ಲಿಯೇ ನಾಲ್ವರು ಮಕ್ಕಳ ಹಿತವು ನಾಲ್ಕು ದಿಕ್ಕಿಗೆ ಎಳೆಯುವದಿಲ್ಲವೇ? ಆದರೆ ಹಿಂದಿರುಗಲಾರದವನ ತಲೆಯ ಮೇಲೆಯೇ ಭಾರವನ್ನು ಹೊರಿಸುವದು ಅಧರ್ಮವು. ಗಿರಣಿಯವನು ಕೊಳ್ಳುವದನ್ನು ನಾಲ್ಕು ದಿನ ಮುಂದೂಡಬಲ್ಲನು. ಮಣ್ಣಿಗೆ ಬಿದ್ದ ಬೀಜವನ್ನು ಒಕ್ಕಲಿಗನು ತಿರುಗಿ ಪಡೆಯಲಾರನು. ಅದೇ ವರ್ಷ ಮೇ ತಿಂಗಳಲ್ಲಿ ಸರಕಾರವು ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿಗಳ ಬೆಂಬಲ ಬೆಲೆಯನ್ನು ಸಾರಿತ್ತು. ಬಿತ್ತಿಗೆಗೆ ಮುಂಚೆ ಆಡಿದ ಆ ಮಾತನ್ನು ನಾನು ನೀತಿಯೆನ್ನುವೆನು; ಆ ಬೆಲೆಗೆ ಕೊಳ್ಳುವ ಕೇಂದ್ರವು ವೇಳೆಗೆ ಸರಿಯಾಗಿ ತೆರೆದರಂತೂ ಅದು ಅಭಯವೇ ಸರಿ. ಬಿತ್ತಿದ ಮೇಲೆ ಸುಂಕವನ್ನು ತೆಗೆದದ್ದಕ್ಕೆ ಆ ಹೆಸರು ಸಲ್ಲದು. ಅದು ಆ ಹೊತ್ತಿಗೆ ಬಲವಾಗಿದ್ದ ಹಿತಕ್ಕೆ ದಾರಿಬಿಟ್ಟ ಕೃತ್ಯವು.

ಆದುದರಿಂದ ನಮ್ಮ ಪ್ರತಿನಿಧಿಗಳು ಮನೆಗೆ ಬಂದಾಗ, ತಾವು ಯಾರ ಪಕ್ಷವೆಂದು ಕೇಳುವದು ವ್ಯರ್ಥ. ಎಲ್ಲರ ಪಕ್ಷವೆಂದೇ ಅವರು ಹೇಳುವರು. ಇಬ್ಬರ ಹಿತವು ಎದುರುಬದುರಾದಾಗ ಯಾರದು ಮೊದಲು, ನಷ್ಟವಾದವನಿಗೆ ಏನು ಕೊಡುವಿರಿ, ಇದನ್ನು ಬಿತ್ತುವ ಮೊದಲೇ ಏಕೆ ತಿಳಿಸಲಿಲ್ಲ ಎಂದು ಕೇಳುವದು ಸುಶಿಕ್ಷಿತರಾದ ನಮ್ಮೆಲ್ಲರ ಕರ್ತವ್ಯವಾಗಿರುವದು.