ತೀರ್ಥಕಾಕನೂ ಬತ್ತಿದ ತೀರ್ಥವೂ

ವಿದ್ಯಾರ್ಥಿಯು ವರ್ಗಾವಣೆ ಪತ್ರವನ್ನು ಪಡೆದು ಒಂದು ಕಾಲೇಜಿನಿಂದ ಮತ್ತೊಂದಕ್ಕೆ ಹೊರಟುನಿಂತನೆಂದರೆ ಹಿರಿಯರು ಸಾಮಾನ್ಯವಾಗಿ ಅವನನ್ನು ಚಂಚಲನೆಂದು ಹಳಿಯುತ್ತಾರೆ. ಈ ನಿಂದೆ ಇಂದಿನದಲ್ಲ. ಪಾಣಿನಿಯ ಸೂತ್ರವೊಂದಕ್ಕೆ ಭಾಷ್ಯವನ್ನು ರಚಿಸುವಾಗ ಪತಂಜಲಿಮುನಿಯು ‘ತೀರ್ಥಕಾಕ’ ಎಂಬ ಶಬ್ದವನ್ನು ವಿವರಿಸಿದ್ದಾನೆ. ನದಿಯ ತೀರ್ಥದಲ್ಲಿ ಕಾಗೆಯು ಬಹುಕಾಲ ನಿಲ್ಲದು. ಹಾಗೆಯೇ ಗುರುಕುಲಗಳಿಗೆ ಹೋಗಿ ಬಹುಕಾಲ ನಿಲ್ಲದ ಶಿಷ್ಯನಿಗೆ ಆ ಹೆಸರು ಸಲ್ಲುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇಂತಹ ಬೈಗುಳವಿದ್ದಿತೆಂದ ಮೇಲೆ ಅಂತಹ ಶಿಷ್ಯರೂ ಇದ್ದರೆಂಬುದು ಸ್ಪಷ್ಟ.

ಆದರೆ ಸ್ಥಳವನ್ನು ಬಿಟ್ಟವರೆಲ್ಲರೂ ತೀರ್ಥಕಾಕರೆ? ಕಾರಣವನ್ನು ವಿಚಾರಿಸದೆ ಕಾರ್ಯವನ್ನು ನಿಂದಿಸುವುದು ನ್ಯಾಯವಲ್ಲ. ತಂದೆಗೆ ಬೇರೆ ಊರಿಗೆ ವರ್ಗವಾದರೆ ಮಗನೂ ಹೋಗಲೇಬೇಕು. ಉಚಿತ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಬಡವನು ಕೊಠಡಿಯ ಬಾಡಿಗೆಯನ್ನು ಎಷ್ಟು ತಿಂಗಳು ತೆತ್ತಾನು? ಸಂಜೆಯ ತರಗತಿ ಮುಗಿದ ಮೇಲೆ ಊರಿಗೆ ಬಸ್ಸೇ ಇಲ್ಲದಿದ್ದರೆ ಹಳ್ಳಿಯ ಹೆಣ್ಣುಮಗಳು ಸಮೀಪದ ಕಾಲೇಜನ್ನು ಅರಸುವುದು ಸಹಜ. ಹಿರಿಯರ ಒತ್ತಾಯದಿಂದ ವಿಜ್ಞಾನವನ್ನು ಹಿಡಿದವನು, ತನ್ನ ಒಲವು ಇತಿಹಾಸದಲ್ಲಿದೆಯೆಂದು ಅರಿತು ಆ ವಿಷಯವಿರುವೆಡೆಗೆ ಹೋದರೆ ಅದು ಚಾಂಚಲ್ಯವಲ್ಲ, ವಿವೇಕ. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಸ್ಥಾಪಿತವಾಗುವ ಮುನ್ನ ಆ ಸೀಮೆಯ ತರುಣರು ಉನ್ನತ ವಿದ್ಯೆಗಾಗಿ ಪುಣೆ, ಮುಂಬಯಿಗಳಿಗೆ ಹೋಗುತ್ತಿದ್ದರು. ಅವರನ್ನು ಯಾರೂ ಕಾಗೆಗಳೆನ್ನಲಿಲ್ಲ.

ಇನ್ನು ಕೆಲವರು ಹಾಜರಿಯ ಕಟ್ಟುನಿಟ್ಟಿಗೆ ಅಂಜಿ, ಗೆಳೆಯರ ಸಂಗವನ್ನು ಬಯಸಿ, ಇಲ್ಲವೆ ದೊಡ್ಡ ಊರಿನ ಹೆಸರಿಗೆ ಮರುಳಾಗಿ ಹೊರಡುತ್ತಾರೆ. ಪತಂಜಲಿಯ ಮಾತು ಅನ್ವಯಿಸುವುದು ಇವರಿಗೆ.

ಇಲ್ಲಿ ಮತ್ತೊಂದು ಅಂಶವೂ ವಿಚಾರಾರ್ಹವಾಗಿದೆ. ಸಂಸ್ಕೃತದಲ್ಲಿ ‘ತೀರ್ಥ’ವೆಂದರೆ ನೀರಿಗಿಳಿಯುವ ಘಟ್ಟ ಮಾತ್ರವಲ್ಲ, ಗುರುವೂ ಹೌದು, ಒಬ್ಬನೇ ಗುರುವಿನಲ್ಲಿ ಕಲಿತವರನ್ನು ‘ಸತೀರ್ಥ್ಯ’ರೆನ್ನುವುದು ಈ ಅರ್ಥದಿಂದಲೇ. ಹೀಗಿರಲು, ತೀರ್ಥವೇ ಬತ್ತಿದ್ದರೆ ಹಾರಿಹೋದ ಕಾಗೆಯೊಂದನ್ನೇ ದೂಷಿಸುವುದು ಸರಿಯೆ? ಖಾಯಂ ಅಧ್ಯಾಪಕರ ಸ್ಥಾನಗಳು ತೆರವಾಗಿದ್ದು, ಅತಿಥಿ ಉಪನ್ಯಾಸಕರು ಅಲ್ಪ ವೇತನದಲ್ಲಿ ನಾಳಿನ ಚಿಂತೆಯೊಡನೆ ಪಾಠ ಹೇಳುವಲ್ಲಿ, ಬೀಗ ಹಾಕಿದ ಪ್ರಯೋಗಾಲಯವಿರುವಲ್ಲಿ, ಜ್ಞಾನದ ದಾಹವುಳ್ಳವನು ನಿಲ್ಲುವುದಾದರೂ ಹೇಗೆ? ಅವನ ನಿರ್ಗಮನವು ಸಂಸ್ಥೆಯ ಮೇಲೆ ಬರೆದ ತೀರ್ಪಾಗಿರುತ್ತದೆ.

ಯಾಜ್ಞವಲ್ಕ್ಯನ ಕಥೆಯನ್ನು ಸ್ಮರಿಸಬಹುದು. ಗುರುವಾದ ವೈಶಂಪಾಯನನು ಕುಪಿತನಾಗಿ, ಕಲಿತುದನ್ನು ಮರಳಿ ಕೊಟ್ಟು ಹೋಗೆಂದಾಗ ಶಿಷ್ಯನು ಆ ವಿದ್ಯೆಯನ್ನೆಲ್ಲ ಅಲ್ಲಿಯೇ ಬಿಟ್ಟು ಹೊರಟನು. ಸೂರ್ಯನನ್ನು ಆರಾಧಿಸಿ ಹೊಸದಾಗಿ ಯಜುಸ್ಸನ್ನು ಪಡೆದನು. ಇಂದಿನ ವಿದ್ಯಾರ್ಥಿಗೆ ಆ ಕಷ್ಟವಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ ಹೊರಡಿಸಿದ ನಿಯಮಗಳಂತೆ, ಗಳಿಸಿದ ಕ್ರೆಡಿಟ್ಟುಗಳನ್ನು ಶೈಕ್ಷಣಿಕ ಖಾತೆಯಲ್ಲಿರಿಸಿ, ಈ ವ್ಯವಸ್ಥೆಗೆ ಸೇರಿದ ಬೇರೆ ಸಂಸ್ಥೆಗೆ ಒಯ್ಯಲು ಅವಕಾಶವಿದೆ. ಇದು ಒಳ್ಳೆಯದೇ. ಆದರೆ ದಾರಿಯು ಸುಗಮವಾದಷ್ಟೂ ಹೊರಡುವವನ ವಿವೇಕವು ಹೆಚ್ಚಬೇಕಾಗುತ್ತದೆ.

ಆ ವಿವೇಕಕ್ಕೆ ತೈತ್ತಿರೀಯೋಪನಿಷತ್ತಿನ ಭೃಗುವು ನಿದರ್ಶನ. ಬ್ರಹ್ಮವನ್ನು ಬೋಧಿಸೆಂದು ಅವನು ತಂದೆಯಾದ ವರುಣನಲ್ಲಿಗೆ ಹೋದನು. ತಪಸ್ಸನ್ನು ಮಾಡೆಂದು ತಂದೆ ಕಳುಹಿದನು. ಅನ್ನ, ಪ್ರಾಣ, ಮನಸ್ಸು, ವಿಜ್ಞಾನವೆಂದು ಒಂದೊಂದನ್ನೇ ಅರಿತು ನಾಲ್ಕು ಬಾರಿ ಮರಳಿ ಬಂದಾಗಲೂ ದೊರೆತ ಉತ್ತರ ಅದೊಂದೇ. ಮೊದಲ ಸಲವೇ ಬೇಸತ್ತು ಬೇರೆ ಆಶ್ರಮವನ್ನು ಹುಡುಕಿದ್ದರೆ ಅವನು ಆನಂದದವರೆಗೆ ತಲುಪುತ್ತಿದ್ದನೆ? ಕಲಿಕೆಯಲ್ಲಿಯೇ ಇರುವ ಕಷ್ಟವು ಸ್ಥಳ ಬದಲಿಸಿದರೆ ಹೋಗದು. ಅದು ವಿದ್ಯಾರ್ಥಿಯ ಗಂಟಿನೊಡನೆಯೇ ಪ್ರಯಾಣ ಮಾಡುತ್ತದೆ. ಸ್ಥಳದ ಕೊರತೆಯಿಂದ ಬಂದ ಕಷ್ಟಕ್ಕೆ ಮಾತ್ರ ವರ್ಗಾವಣೆಯು ಮದ್ದು. ಶರಣರು ಚರಿಸುವ ಜಂಗಮಕ್ಕೆ ಹಿರಿಮೆಯಿತ್ತರೆಂಬುದು ದಿಟ. ಆದರೆ ಅರಿವಿಲ್ಲದ ಸುತ್ತಾಟವನ್ನು ಅವರು ಜಂಗಮವೆನ್ನಲಿಲ್ಲ.

ಆದುದರಿಂದ ವರ್ಗಾವಣೆಯನ್ನು ಬಯಸುವವನು, ತನ್ನನ್ನು ಬಾಧಿಸುತ್ತಿರುವುದು ಊರಿನ ಕೊರತೆಯೋ ತನ್ನ ಆಲಸ್ಯವೋ ಎಂದು ಮೊದಲು ಪರೀಕ್ಷಿಸಿಕೊಳ್ಳಲಿ. ಊರಿನ ಕೊರತೆಯಾದರೆ ಸಂಕೋಚವಿಲ್ಲದೆ ಹೊರಡಲಿ. ಕಲಿಸಿದವರಿಗೆ ಕೈಮುಗಿದು ಹೊರಡಲಿ. ತಂದೆತಾಯಿಗಳು ಗದರಿಸುವ ಮುನ್ನ ಕಾರಣವನ್ನು ಕೇಳಲಿ. ವರ್ಗಾವಣೆ ಪತ್ರಕ್ಕೆ ಸಹಿ ಹಾಕುವ ಪ್ರಾಂಶುಪಾಲರೂ ಅದೇ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಮರೆಯದಿರಲಿ. ಬರುವ ವರ್ಷ ಅದೇ ಕಾರಣಕ್ಕಾಗಿ ಇನ್ನೊಬ್ಬನು ಹೊರಡದಂತೆ ನೋಡಿಕೊಳ್ಳುವುದು ಅವರ ಧರ್ಮ.