ಮಾಡುವವನೂ ಮಾಡಿಸುವವನೂ

ಸಕಲೇಶಪುರ, ಆಲೂರು ಸೀಮೆಗಳ ಕಾಫಿ ತೋಟದವರಿಗೆ ಫೆಬ್ರವರಿ, ಮಾರ್ಚಿ ತಿಂಗಳುಗಳೆಂದರೆ ಆಕಾಶವನ್ನು ನೋಡುವ ಕಾಲ. ಹೂಮಳೆಯು ತಕ್ಕ ಸಮಯಕ್ಕೆ ಬಾರದಿದ್ದರೆ ರೊಬಸ್ಟಾ ಗಿಡದ ಮೊಗ್ಗು ಅರಳದೆ ಒಣಗುವುದು; ಅರಳಿದ ಮೇಲೆ ಸುಮಾರು 20 ದಿನಗಳಲ್ಲಿ ಮತ್ತೊಂದು ಮಳೆ ಬೀಳದಿದ್ದರೆ ಕಚ್ಚಿದ ಕಾಯಿ ನಿಲ್ಲುವುದು ಕಷ್ಟ. ಆದುದರಿಂದ ಅನುಕೂಲವುಳ್ಳವರು ಕೆರೆಯಿಂದಲೋ, ಹೇಮಾವತಿಗೆ ಸೇರುವ ಹಳ್ಳಗಳಿಂದಲೋ ನೀರೆತ್ತಿ ಗಿಡಗಳ ಮೇಲೆ ಮಳೆಯಂತೆ ಚಿಮ್ಮಿಸುವರು. ಪಂಪಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ಅನೇಕ ವೇಳೆ ರಾತ್ರಿಯಲ್ಲಿ ಬರುವುದು. ಆನೆಗಳು ತೋಟದೊಳಗೆ ನಡೆದಾಡುವುದೂ ರಾತ್ರಿಯಲ್ಲಿಯೇ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆ ಭಯವು ತೀರಲಿಲ್ಲ.

ಈ ಸಂಕಟಕ್ಕೆ ಪರಿಹಾರವಾಗಿ ಬಂದುದು ಮೊಬೈಲ್ ಸ್ಟಾರ್ಟರು. ಮೊದಲು ಬಂದ ಪೆಟ್ಟಿಗೆಗಳಲ್ಲಿ ಒಂದು ಸಿಮ್ ಇದ್ದು, ಯಜಮಾನನು ಅದಕ್ಕೆ ನೇರವಾಗಿ ಕರೆಮಾಡಿದರೆ ಮೋಟಾರು ತಿರುಗುತ್ತಿತ್ತು. ಈಚಿನ ಅನೇಕ ಪೆಟ್ಟಿಗೆಗಳ ಮಾರ್ಗ ಬೇರೆ. ಇಂಟರ್ನೆಟ್ಟಿನ ಮೂಲಕ ಹೊರಗಿನಿಂದ ತೋಟದ ಪೆಟ್ಟಿಗೆಯನ್ನು ನೇರವಾಗಿ ಮುಟ್ಟುವುದು ಸುಲಭವಲ್ಲವಾದುದರಿಂದ, ಪೆಟ್ಟಿಗೆಯೇ ದೂರದ ಊರಿನಲ್ಲಿರುವ ಸರ್ವರ್ ಎಂಬ ಗಣಕಯಂತ್ರವನ್ನು ತಾನಾಗಿ ಕರೆದು, ‘ನನಗೇನಾದರೂ ಅಪ್ಪಣೆಯುಂಟೆ?’ ಎಂದು ಕಾದಿರುವುದು. ಯಜಮಾನನ ಫೋನೂ ಅಲ್ಲಿಗೇ ಹೋಗಿ ಅಪ್ಪಣೆಯನ್ನು ಒಪ್ಪಿಸುವುದು. ಪಂಪು ಯಸಳೂರಿನಲ್ಲಿ, ಯಜಮಾನನು 200 ಕಿಲೋಮೀಟರಿಗೂ ಮಿಗಿಲಾದ ದೂರದ ಬೆಂಗಳೂರಿನಲ್ಲಿ, ಅಪ್ಪಣೆಯು ಹಾದುಹೋಗುವುದು ಇಬ್ಬರೂ ಕಾಣದ ಮೂರನೆಯ ಊರಿನಲ್ಲಿ. ಇದರಿಂದ ತಪ್ಪಿರುವ ಪ್ರಾಣಾಪಾಯವು ಅಲ್ಪವಲ್ಲ. ಯಂತ್ರವೇ ಬೇಡವೆನ್ನುವ ಮಹನೀಯರು ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಒಮ್ಮೆ ಪಂಪಿನ ಮನೆಯವರೆಗೆ ಹೋಗಿಬಂದು ಆಮೇಲೆ ಉಪದೇಶಿಸಲಿ.

ನನ್ನ ಪ್ರಶ್ನೆ ಬೇರೆ. ಹೀಗೆ ತಿರುಗಿದ ಮೋಟಾರಿಗೆ ಕರ್ತೃವು ಯಾರು? ಪಾಠಶಾಲೆಯಲ್ಲಿ ಕಾರಕ ಪ್ರಕರಣವನ್ನೋದಿದವರಿಗೆ ಇದು ತೀರ ಹೊಸದಲ್ಲ. ಪಾಣಿನಿಯು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದು ಕರೆದು, ಮರುಸೂತ್ರದಲ್ಲಿಯೇ ಅವನನ್ನು ಪ್ರೇರಿಸುವವನಿಗೂ ಆ ಹೆಸರನ್ನು ಕೊಟ್ಟು, ಅದರೊಡನೆ ಹೇತುವೆಂಬ ಇನ್ನೊಂದು ಹೆಸರನ್ನೂ ಸೇರಿಸಿದನು. ಕನ್ನಡದಲ್ಲಿ ‘ಮಾಡು’ ಎಂಬುದರ ಬೆನ್ನಿಗೇ ‘ಮಾಡಿಸು’ ಇರುವುದಷ್ಟೆ. ಮಾಡಿಸಿದವನು ದೂರದಲ್ಲಿದ್ದನೆಂಬ ಮಾತ್ರದಿಂದ ಅವನ ಕರ್ತೃತ್ವವು ಕರಗದು. ಇಲ್ಲಿ ಒಂದು ಆಕ್ಷೇಪವುಂಟು: ಇನ್ನೊಬ್ಬನ ಮಾತಿನಂತೆ ನಡೆಯುವವನು ಸ್ವತಂತ್ರನು ಹೇಗಾದಾನು? ಸಮಾಧಾನವೂ ಉಂಟು. ಹೇಳಿಸಿಕೊಂಡವನು ಮಾಡಲೂ ಬಲ್ಲನು, ಮಾಡದೆ ಬಿಡಲೂ ಬಲ್ಲನು. ಆ ಬಿಡುವ ಶಕ್ತಿಯೇ ಅವನ ಸ್ವಾತಂತ್ರ್ಯ.

‘ಮೋಟಾರು ಹಾಕಿ ಬಾ’ ಎಂದು ಆಳನ್ನು ಕಳುಹಿಸುತ್ತಿದ್ದ ಕಾಲದಲ್ಲಿ ಈ ಶಕ್ತಿಯು ಅಪ್ಪಣೆಯ ಜೊತೆಯಲ್ಲಿಯೇ ನಡೆದುಹೋಗುತ್ತಿತ್ತು. ಅವನು ಪಂಪಿನ ಮನೆಯ ಬಾಗಿಲಲ್ಲಿ ನಿಂತು ನೋಡುವನು: ಕೆರೆಯ ನೀರು ತಳಕಂಡಿದೆ, ಪೈಪು ಜೋಡಿಸುವವರು ಇನ್ನೂ ಮುಗಿಸಿಲ್ಲ, ಮೆಕ್ಯಾನಿಕ್ಕಿನ ಕೈ ಮೋಟಾರಿನ ಮೇಲೆಯೇ ಇದೆ. ನೋಡಿ, ಹಾಕದೆ ಹಿಂದಿರುಗಿ, ಬೈಸಿಕೊಳ್ಳಬೇಕಾದರೆ ಬೈಸಿಕೊಳ್ಳುವನು. ಪೆಟ್ಟಿಗೆಗೆ ಬೈಸಿಕೊಳ್ಳುವ ಯೋಗ್ಯತೆಯಿಲ್ಲ. ವೋಲ್ಟೇಜು ಕಡಮೆಯಾದರೆ, ಅಥವಾ ನೀರಿಲ್ಲದೆ ಪಂಪು ಬರಿದೆ ತಿರುಗಿದರೆ, ನಿಲ್ಲಿಸುವಷ್ಟು ವಿವೇಕವನ್ನು ಕೆಲವು ಪೆಟ್ಟಿಗೆಗಳಲ್ಲಿಟ್ಟಿರುವರು, ನಿಜ. ಅಲ್ಲಿ ಮನುಷ್ಯನ ಕೈಯಿರುವುದನ್ನು ಅದು ಅರಿಯದು. ಹೀಗಿರಲು ಬಿಡುವ ಶಕ್ತಿಯನ್ನು ಬೇರೆಲ್ಲಿಯಾದರೂ ಇರಿಸಲೇಬೇಕು. ಅದಕ್ಕೆ ತಕ್ಕ ಸ್ಥಳವು ಮೋಟಾರಿನ ಬಳಿಯೇ ಹೊರತು ಯಜಮಾನನ ಫೋನಲ್ಲ. ತಿಳಿದ ಮೆಕ್ಯಾನಿಕ್ಕುಗಳು ಕೆಲಸಕ್ಕೆ ಕುಳಿತುಕೊಳ್ಳುವ ಮುನ್ನ ಮೂರು ಫ್ಯೂಸುಗಳನ್ನೂ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವರು. ಪೆಟ್ಟಿಗೆಯ ಗುಂಡಿಯನ್ನು ಬೇರೆಯವರು ತಿರುಗಿಸಿಯಾರು. ಜೇಬಿನಲ್ಲಿರುವ ಫ್ಯೂಸನ್ನು ಬೆಂಗಳೂರಿನಿಂದ ಯಾರೂ ಹಾಕಲಾರರು.

ಇನ್ನು ನಡುವೆ ನಿಂತಿರುವ ಸರ್ವರ್. ಅದು ಮಾಡುವವನೂ ಅಲ್ಲ, ಮಾಡಿಸುವವನೂ ಅಲ್ಲ, ದೂತನು. ದೂತನಾದವನು ಹೇಳಿದುದನ್ನು ಹೇಳಿದಂತೆ ಮುಟ್ಟಿಸತಕ್ಕದ್ದು. ಈ ದೂತನಾದರೋ ಅಪ್ಪಣೆಗಳನ್ನು ಗಳಿಗೆಸಹಿತ ತನ್ನ ಖಾತೆಯಲ್ಲಿ ಬರೆದಿಟ್ಟುಕೊಳ್ಳುವುದುಂಟು. ಒಂದು ದಿನ ಅಂಗಡಿ ಮುಚ್ಚಿಕೊಂಡು ಹೋಗುವುದೂ ಉಂಟು. ಅಮೆರಿಕದಲ್ಲಿ ಮನೆಯ ದೀಪ ಮೊದಲಾದುವನ್ನು ಆಳುವ ರಿವಾಲ್ವ್ ಎಂಬ ಪೆಟ್ಟಿಗೆಯನ್ನು ಸುಮಾರು 300 ಡಾಲರು ಕೊಟ್ಟು ಕೊಂಡವರಿಗೆ, 2016ರ ಮೇ ತಿಂಗಳಲ್ಲಿ ಅದರ ಸರ್ವರ್ ನಿಂತೊಡನೆ ಉಳಿದುದು ಬರಿಯ ಪೆಟ್ಟಿಗೆ. 2022ರ ಏಪ್ರಿಲಿನಲ್ಲಿ ಅದೇ ದೇಶದ ಇನ್‌ಸ್ಟಿಯಾನ್ ಎಂಬ ಸಂಸ್ಥೆಯ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತುವು. ಆದರೆ ಅಲ್ಲಿ ಗೋಡೆಯ ಮೇಲಿನ ಗುಂಡಿಗಳು ಕೈಗೆ ಎಂದಿನಂತೆ ವಿಧೇಯವಾಗಿದ್ದುವು. ಮುಂದೆ ಬಳಕೆದಾರರೇ ಕೆಲವರು ಸೇರಿ ಆ ಸಂಸ್ಥೆಯನ್ನು ಕೊಂಡರು. ನಮ್ಮಲ್ಲಿ ಇಂಥದು ಹೂವರಳುವ ವಾರದಲ್ಲಿ ನಡೆದರೆ, ಸ್ಟಾರ್ಟರಿನ ಹಸುರು ಗುಂಡಿಯನ್ನು ಒತ್ತಿ ಮೋಟಾರು ಹಾಕಬಲ್ಲವನೊಬ್ಬನು ತೋಟದಲ್ಲಿ ಉಳಿದಿರಬೇಕು. ಆ ಅಭ್ಯಾಸವನ್ನೇ ತಪ್ಪಿಸಿದ ಮೇಲೆ ಯಾರನ್ನು ಕರೆಯೋಣ?

ದೂತನ ಖಾತೆಯನ್ನು ಮೇಲೆ ದೋಷವೆಂಬಂತೆ ಹೇಳಿದೆನಷ್ಟೆ. ಆದರೆ ಕೂಲಿಯವನೊಬ್ಬನ ಬೆರಳು ಹೋದ ದಿನ, ‘ನಾನು ಒತ್ತಲೇ ಇಲ್ಲ, ಕರೆಂಟು ಬಂದಾಗ ಅದಾಗಿಯೇ ತಿರುಗಿತು’ ಎನ್ನುವ ಯಜಮಾನನಿಗೆ ಎದುರುನಿಲ್ಲಬಲ್ಲ ಸಾಕ್ಷಿಯು ಆ ಖಾತೆಯೇ. ಯಾರ ಫೋನಿನಿಂದ, ಯಾವ ನಿಮಿಷದಲ್ಲಿ ಅಪ್ಪಣೆ ಹೊರಟಿತೆಂಬುದು ಅದರಲ್ಲಿರುವುದು. ಅದನ್ನು ತೆರೆಯುವ ಗುಪ್ತಪದವು ಮಾತ್ರ ಯಜಮಾನನ ಬಳಿ. ತೋಟದ ಮೇಸ್ತ್ರಿಯ ಫೋನಿಗೂ ಅದೇ ಆ್ಯಪನ್ನು ಹಾಕಿಕೊಟ್ಟು, ನಿಲ್ಲಿಸುವ ಅಧಿಕಾರವನ್ನೂ ಖಾತೆಯನ್ನು ನೋಡುವ ಅಧಿಕಾರವನ್ನೂ ಅವನಿಗೆ ಕೊಡುವುದು ದೊಡ್ಡ ಶ್ರಮದ ಕೆಲಸವಲ್ಲ. ಹಾಗೆ ಕೊಟ್ಟಿರುವ ತೋಟಗಳು ನಮ್ಮ ಸೀಮೆಯಲ್ಲಿ ಎಷ್ಟಿರುವುವೆಂಬುದನ್ನು ಬೆಳೆಗಾರರಾದ ವಾಚಕರೇ ಹೇಳಬೇಕು.